ಎಂಜಿನ್ ಬಿಚ್ಚುವ ಮುನ್ನ

ಮಸ್ಕಿ, ಸಿಂಧನೂರು, ಲಿಂಗಸುಗೂರು ಸುತ್ತಿನ ಹಳೆಯ ಮನೆಗಳಲ್ಲಿ, ದನದ ಕೊಟ್ಟಿಗೆಯ ಪಕ್ಕ, ಇನ್ನೂ ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ನಿಂತಿರುತ್ತದೆ. ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಕೋಳಿ. ಯಾಕೆ ನಿಲ್ಲಿಸಿದ್ದೀರಿ ಎಂದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಎಂಜಿನ್ ಹೋಗೈತ್ರಿ." ಹೋಗಿದ್ದನ್ನು ಯಾರು ನೋಡಿದರು, ಹೇಗೆ ನೋಡಿದರು ಎಂಬುದಕ್ಕೆ ಮಾತ್ರ ಉತ್ತರ ಇರುವುದಿಲ್ಲ. ಹೊಗೆ ಬರುತ್ತಿತ್ತು, ಏರಿನಲ್ಲಿ ದಮ್ಮು ಸಾಲುತ್ತಿರಲಿಲ್ಲ, ಯಾವನೋ ಉಸ್ತಾದ ಬಾನೆಟ್ ಎತ್ತಿ ಒಂದು ಸಲ ಕಣ್ಣಾಡಿಸಿ "ಫುಲ್ ಎಂಜಿನ್ ಕೆಲಸ" ಅಂದ. ಅಷ್ಟಕ್ಕೇ ಕಾರು ಕೊಟ್ಟಿಗೆ ಸೇರಿತು.

ಆ ತೀರ್ಪಿಗೆ ಮುಂಚೆ ಮಾಡಬೇಕಾದ ಪರೀಕ್ಷೆಯೊಂದಿದೆ. ಅದಕ್ಕೆ ಮನೆಯಂಗಳ ಸಾಕು. ಒಂದು ಪ್ಲಗ್ ಪಾನಾ, ಒಂದು ಕಂಪ್ರೆಷನ್ ಗೇಜು, ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಕ್ಸಿಲರೇಟರ್ ಒತ್ತಿ ಹಿಡಿಯಲು ಮನೆಯವರಲ್ಲೇ ಇನ್ನೊಬ್ಬರು ಇದ್ದರೆ ಮುಗಿಯಿತು. ಹೆಡ್ಡಿನ ಒಂದು ನಟ್ಟನ್ನೂ ಸಡಿಲಿಸದೆ ಎಂಜಿನ್ನಿನ ಒಳಗುಟ್ಟು ಹೇಳಿಸುವ ಈ ಕೆಲಸ, ಗ್ಯಾರೇಜಿನ ವಿದ್ಯೆಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚುಗೆಯಾದದ್ದು.

ಕಂಪ್ರೆಷನ್ ಏನೆಂದು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆದವರಿಗೆ ಅದು ರಟ್ಟೆಯಲ್ಲೇ ಗೊತ್ತು. ಹೆಡ್ ಮೇಲಿನ ಡಿಕಂಪ್ರೆಷನ್ ಲಿವರ್ ಎತ್ತಿದಾಗ ವಾಲ್ವ್ ತೆರೆದೇ ಇರುತ್ತದೆ, ಗಾಳಿ ಒಳಗೆ ನಿಲ್ಲುವುದಿಲ್ಲ, ಚಕ್ರ ಸಲೀಸಾಗಿ ತಿರುಗುತ್ತದೆ. ವೇಗ ಬಂದಮೇಲೆ ಲಿವರ್ ಬಿಟ್ಟರೆ ಗಾಳಿ ಸಿಕ್ಕಿಬೀಳುತ್ತದೆ, ಚಕ್ರ ಒಂದು ಕ್ಷಣ ತಡೆದು ಭಾರವಾಗಿ ದಾಟುತ್ತದೆ, ಎಂಜಿನ್ ಹಿಡಿಯುತ್ತದೆ. ಆ ತಡೆಯೇ ಕಂಪ್ರೆಷನ್. ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗೇ ಇಲ್ಲ. ಒತ್ತಿದ ಗಾಳಿಯ ಬಿಸಿಯೇ ಅದರ ಬೆಂಕಿಕಡ್ಡಿ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಆದರೆ ಒತ್ತದೆ ಉರಿಸಿದ ಮಿಶ್ರಣಕ್ಕೆ ಬಲವಿಲ್ಲ. ನಿಕೋಲಾಸ್ ಒಟ್ಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ ಓಡಿಸಿ ತೋರಿಸಿದ್ದು ಇದನ್ನೇ: ಮೊದಲು ಒತ್ತು, ಆಮೇಲೆ ಉರಿಸು.

ಅಂಬಾಸಿಡರಿನ ಹಳೆಯ ಪೆಟ್ರೋಲ್ ಎಂಜಿನ್ 1489 ಸಿಸಿಯದು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂದು ಅದರ ಕುಲನಾಮ. 1955ರಲ್ಲಿ ಬಂದ ಎಂಜಿಎ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಹೊಟ್ಟೆಯಲ್ಲೂ ಇದ್ದದ್ದು ಇದೇ ಕುಲದ 1489 ಸಿಸಿ ಎಂಜಿನ್ ಎಂದರೆ ಕೊಟ್ಟಿಗೆಯ ಮಾಲೀಕರು ನಂಬುವುದಿಲ್ಲ. ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 372 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ ಹೆಡ್ಡಿನೊಳಗೆ ಉಳಿಯುವ ಜಾಗ ಸುಮಾರು 60 ಸಿಸಿ. ಅಂದರೆ 432 ಸಿಸಿ ಜಾಗದಲ್ಲಿದ್ದ ಗಾಳಿಯನ್ನು ಪಿಸ್ಟನ್ 60 ಸಿಸಿಗೆ ಒತ್ತುತ್ತದೆ: 7.2 ಪಟ್ಟು. ಇದೇ ಕಂಪ್ರೆಷನ್ ಅನುಪಾತ. ಆ ಕಾಲದ ನಮ್ಮ ಪೆಟ್ರೋಲಿನ ಗುಣಮಟ್ಟಕ್ಕೆ ಒಗ್ಗಿದ ತಗ್ಗಿನ ಅನುಪಾತ ಅದು. ಈಗಿನ ಕಾರುಗಳಲ್ಲಿ 10, 11 ಮಾಮೂಲು.

ಇಲ್ಲೊಂದು ಸೊಗಸಾದ ಲೆಕ್ಕವಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ 14.7 ಪೌಂಡ್. ಅದನ್ನು 7.2ರಿಂದ ಗುಣಿಸಿದರೆ 106ರ ಹತ್ತಿರ. ಗೇಜು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ತೋರಿಸುವುದರಿಂದ 14.7 ಕಳೆದರೆ 91. ಆದರೆ ಗಟ್ಟಿಮುಟ್ಟಾದ ಅಂಬಾಸಿಡರಿನಲ್ಲಿ ಮುಳ್ಳು 120ನ್ನೂ ದಾಟುತ್ತದೆ. ಹೆಚ್ಚಿನದು ಎಲ್ಲಿಂದ ಬಂತು? ಬೇಗ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಇನ್ನಷ್ಟು ಹಿಗ್ಗಲು ನೋಡುತ್ತದೆ. ನಿಧಾನವಾಗಿ ಒತ್ತಿದರೆ ಆ ಬಿಸಿ ಸಿಲಿಂಡರಿನ ಗೋಡೆಗೆ ಹೋಗಿಬಿಡುತ್ತದೆ, ಗಾಳಿಗೆ ಸೋರಿಹೋಗಲು ಪುರುಸೊತ್ತೂ ಸಿಗುತ್ತದೆ. ಬ್ಯಾಟರಿ ಸೊರಗಿದ್ದರೆ ಗೇಜು ಸುಳ್ಳು ಹೇಳುವುದು ಈ ಕಾರಣಕ್ಕೆ. ಸುಸ್ತಾದ ಬ್ಯಾಟರಿಯ ತಪ್ಪಿಗೆ ಎಂಜಿನ್ ಶಿಕ್ಷೆ ಅನುಭವಿಸಬಾರದು.

ಗೇಜಿನೊಳಗಿನ ಏರ್ಪಾಡು ಸರಳ. ಚಪ್ಪಟೆ ಮಾಡಿ ಬಾಗಿಸಿದ ಹಿತ್ತಾಳೆಯ ಕೊಳವೆ; ಒತ್ತಡ ಒಳಗೆ ಬಂದರೆ ಅದು ತುಸು ನೆಟ್ಟಗಾಗಲು ಹವಣಿಸುತ್ತದೆ, ಆ ತುಸುವನ್ನು ಹಲ್ಲುಚಕ್ರ ಹಿಗ್ಗಿಸಿ ಮುಳ್ಳಿಗೆ ಕೊಡುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದದ್ದು ಈ ಕೊಳವೆಗೇ. ಕಂಪ್ರೆಷನ್ ಗೇಜಿನಲ್ಲಿ ಇದರ ಜೊತೆಗೆ ಸೈಕಲ್ ಟ್ಯೂಬಿನದರಂಥ ಏಕಮುಖ ವಾಲ್ವ್ ಇರುತ್ತದೆ. ಒಳಗೆ ಬಂದ ಒತ್ತಡ ಗುಂಡಿ ಒತ್ತುವ ತನಕ ಹೊರಗೆ ಹೋಗದು, ಮುಳ್ಳು ಅತಿ ಮೇಲಿನ ಅಂಕಿಯಲ್ಲೇ ನಿಲ್ಲುತ್ತದೆ. ರಬ್ಬರ್ ಮೂತಿಯನ್ನು ಕೈಯಿಂದ ಒತ್ತಿ ಹಿಡಿಯುವ ಗೇಜುಗಳೂ ಸಿಗುತ್ತವೆ. ಕೊಂಡರೆ ಪ್ಲಗ್ಗಿನ ಜಾಗಕ್ಕೆ ತಿರುಗಿಸಿ ಕೂರಿಸುವ 14 ಮಿಲಿಮೀಟರ್ ಮರೆಯ (ಥ್ರೆಡ್ಡಿನ) ಗೇಜನ್ನೇ ಕೊಳ್ಳಿ. ಕೈ ಅಲುಗಿದರೆ ಅಂಕಿ ಅಲುಗುತ್ತದೆ.

ಮುಚ್ಚಿದ್ದನ್ನು ಕೆಡಿಸದೆ ಓದುವ ವಿದ್ಯೆ ಮಸ್ಕಿಗೆ ಹೊಸದಲ್ಲ. ನಿಜಾಮ ಸರ್ಕಾರದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇಲ್ಲಿ ಕಂಡ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಸಿಕ್ಕ ಆ ರಾಜನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಇತ್ತೇ ಹೊರತು ಹೆಸರಿರಲಿಲ್ಲ. ಅಂಥ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಕ್ಷರ ಎತ್ತಿಕೊಳ್ಳುವವರ ತಾಳ್ಮೆ ಗೇಜು ಹಿಡಿದವನಿಗೂ ಬೇಕು.

ಗೇಜಿಗೂ ಮುಂಚಿನ ಪರೀಕ್ಷೆ ಹ್ಯಾಂಡಲ್ಲಿನದು. ಹಳೆಯ ಅಂಬಾಸಿಡರಿಗೆ, ಜೀಪಿಗೆ ಮುಂದಿನಿಂದ ಹ್ಯಾಂಡಲ್ ಹಾಕಲು ದಾರಿ ಇರುತ್ತದೆ. ಇಗ್ನಿಷನ್ ಆಫ್ ಮಾಡಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಪ್ಲಗ್‌ಗಳನ್ನು ಬಿಚ್ಚದೆ ನಿಧಾನವಾಗಿ ತಿರುಗಿಸಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅರ್ಧ ಸುತ್ತಿಗೊಂದು ತಡೆ ಕೈಗೆ ಸಿಗುತ್ತದೆ, ಎರಡು ಸುತ್ತಿಗೆ ನಾಲ್ಕು. ನಾಲ್ಕೂ ಒಂದೇ ಬಿಗಿಯಲ್ಲಿ ಬಂದರೆ ಒಳ್ಳೆಯ ಸುದ್ದಿ. ಒಂದು ಕಡೆ ಹ್ಯಾಂಡಲ್ ಜಾರಿದಂತೆ ದಾಟಿದರೆ ಆ ಸಿಲಿಂಡರಿನಲ್ಲಿ ಗಾಳಿ ನಿಲ್ಲುತ್ತಿಲ್ಲ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತದೆ. ಹಳೆಯ ಲಾರಿ ಕ್ಲೀನರುಗಳಿಗೆ ಇದು ಮೊದಲ ಪಾಠವಾಗಿತ್ತು.

ಇನ್ನು ನಿಜವಾದ ಪರೀಕ್ಷೆ. ಎಂಜಿನ್ ಓಡುವಂತಿದ್ದರೆ ಹತ್ತು ನಿಮಿಷ ಓಡಿಸಿ ಬಿಸಿ ಮಾಡಬೇಕು. ಬಿಸಿಯಲ್ಲಿ ಪಿಸ್ಟನ್, ರಿಂಗ್‌ಗಳು ಕೆಲಸದ ಗಾತ್ರಕ್ಕೆ ಬರುತ್ತವೆ. ಅಂಬಾಸಿಡರಿನ ಹೆಡ್ ಎರಕದ ಕಬ್ಬಿಣದ್ದು, ಬಿಸಿಯಲ್ಲೂ ಪ್ಲಗ್ ಬಿಚ್ಚಬಹುದು. ಪ್ರೀಮಿಯರ್ ಪದ್ಮಿನಿಯ ಹೆಡ್ ಅಲ್ಯೂಮಿನಿಯಂ. ಕೆಂಡವಾಗಿರುವಾಗ ಬಿಚ್ಚಲು ಹೋದರೆ ಮರೆ ಕಿತ್ತುಬರುತ್ತದೆ, ಕೈ ತಡೆಯುವಷ್ಟು ಆರಲು ಬಿಡಬೇಕು. ಟ್ಯಾಪೆಟ್ ಸಂದನ್ನು ಮೊದಲೇ ಫೀಲರ್ ಗೇಜಿನಿಂದ ಸರಿ ಮಾಡಿಕೊಂಡಿರಬೇಕು. ಸಂದೇ ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದರಿಂದ ಇಳಿದ ಒತ್ತಡಕ್ಕೆ ಹೆಡ್ ಬಿಚ್ಚಿಸಿದರೆ ಖರ್ಚು ದಂಡ.

ಪ್ಲಗ್ ಬಿಚ್ಚುವುದಕ್ಕೂ ಮುಂಚೆ ಸುತ್ತಲಿನ ಗುಳಿಯನ್ನು ಊದಿ ಸ್ವಚ್ಛ ಮಾಡಬೇಕು. ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು. ಎರೆಭೂಮಿಯ ಧೂಳು, ಸಿಂಧನೂರು ಬದಿಯಲ್ಲಿ ಭತ್ತದ ಕಟಾವಿನ ಹೊಟ್ಟು, ಬೇಸಿಗೆಯ ಸುಂಟರಗಾಳಿ ಎಲ್ಲ ಸೇರಿ ಪ್ಲಗ್ಗಿನ ಬುಡದಲ್ಲಿ ಒಂದು ಪದರ ಕಟ್ಟಿರುತ್ತದೆ. ಪ್ಲಗ್ ಎತ್ತಿದ ಕೂಡಲೇ ಅದು ಸೀದಾ ಸಿಲಿಂಡರಿಗೆ ಬೀಳುತ್ತದೆ. ಊದಲು ಸೈಕಲ್ ಪಂಪು ಸಾಕು. ಅಂದಹಾಗೆ ಈ ಧೂಳೇ ಇಲ್ಲಿನ ಎಂಜಿನ್ನುಗಳ ದೊಡ್ಡ ಶತ್ರು. ಏರ್ ಕ್ಲೀನರಿನ ತಳದ ಆಯಿಲ್ ಬದಲಿಸದೆ ಸುಗ್ಗಿಯ ಕಾಲದಲ್ಲಿ ಓಡಿಸಿದ ಗಾಡಿಯ ರಿಂಗ್‌ಗಳು ಎಷ್ಟು ಬೇಗ ಸವೆಯುತ್ತವೆ ಎಂದು ಟ್ರ್ಯಾಕ್ಟರ್ ಇಟ್ಟುಕೊಂಡವರನ್ನು ಕೇಳಿ.

ನಾಲ್ಕೂ ಪ್ಲಗ್ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲಿಡಬೇಕು. ಅವುಗಳ ಮುಖ ನೋಡುವುದೇ ಅರ್ಧ ರೋಗನಿರ್ಣಯ. ಕಂದು ಬಣ್ಣ ಒಳ್ಳೆಯದು, ಒಣ ಮಸಿ ಪೆಟ್ರೋಲ್ ಜಾಸ್ತಿ, ಒದ್ದೆ ಜಿಡ್ಡು ಮಸಿಯಾದರೆ ಆ ಸಿಲಿಂಡರ್ ಆಯಿಲ್ ಕುಡಿಯುತ್ತಿದೆ. ಒಂದೇ ಪ್ಲಗ್ ಬಿಚ್ಚಿ ಉಳಿದವನ್ನು ಹಾಗೇ ಬಿಟ್ಟರೆ ಸ್ಟಾರ್ಟರಿಗೆ ಸುಮ್ಮನೆ ಭಾರ, ತಿರುಗುವ ವೇಗ ಇಳಿಯುತ್ತದೆ. ಕಾಯಿಲಿನ ಸಣ್ಣ ವೈರು ಕಿತ್ತಿಡಬೇಕು. ಇಲ್ಲದಿದ್ದರೆ ಎಲ್ಲಾದರೂ ಕಿಡಿ ಹಾರುತ್ತದೆ, ಪ್ಲಗ್ಗಿನ ತೂತುಗಳಿಂದ ಪೆಟ್ರೋಲಿನ ಆವಿ ಹೊರಗೆ ಬರುತ್ತಿರುತ್ತದೆ. ಬೀಡಿ ಸೇದುವ ಸಲಹೆಗಾರರನ್ನು ಗೇಟಿನಾಚೆ ನಿಲ್ಲಿಸುವುದು ಕ್ಷೇಮ. ಇಂಥ ಕೆಲಸಕ್ಕೆ ಅವರು ಬಂದೇ ಬರುತ್ತಾರೆ.

ಗೇಜು ಒಂದನೇ ಸಿಲಿಂಡರಿಗೆ ಕೂತಿತು. ಒಳಗೆ ಕೂತವರು ಎಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿಯಬೇಕು, ಚೋಕ್ ಬಿಟ್ಟಿರಬೇಕು. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಬರುವುದಿಲ್ಲ. ಬಾರದ ಗಾಳಿಯನ್ನು ಪಿಸ್ಟನ್ ಒತ್ತುವುದೇನು? ಹೊಸಬರು ಇದನ್ನು ಮರೆತು ನಾಲ್ಕೂ ಸಿಲಿಂಡರ್ ಸತ್ತಿವೆ ಎಂದು ಗಾಬರಿಯಾಗುತ್ತಾರೆ. ಸ್ಟಾರ್ಟರ್ ಹೊಡೆದು, ಗೇಜಿನ ಮುಳ್ಳು ಐದಾರು ಸಲ ಹಾರುವ ತನಕ ತಿರುಗಿಸಬೇಕು, ಎಲ್ಲ ಸಿಲಿಂಡರಿಗೂ ಅಷ್ಟೇ ಸಲ.

ಬಹಳ ಮಂದಿ ಕೊನೆಯ ಅಂಕಿಯನ್ನಷ್ಟೇ ನೋಡುತ್ತಾರೆ. ಅನುಭವಿಗಳ ಕಣ್ಣು ಮೊದಲ ಹಾರಿಕೆಯ ಮೇಲೆ. ಗಟ್ಟಿ ಸಿಲಿಂಡರಿನಲ್ಲಿ ಮುಳ್ಳು ಮೊದಲ ಒತ್ತಿಗೇ ಅರ್ಧಕ್ಕಿಂತ ಮೇಲೆ ಹಾರಿ, ಮುಂದಿನ ಎರಡು ಮೂರರಲ್ಲಿ ಮೇಲಕ್ಕೆ ಮುಟ್ಟಿ ನಿಲ್ಲುತ್ತದೆ. ರಿಂಗ್ ಸವೆದಿದ್ದರೆ ಮೊದಲ ಹಾರಿಕೆ ಸಣ್ಣದು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಾಲ್ವ್ ಸುಟ್ಟಿದ್ದರೆ ಮೊದಲೂ ಕಡಿಮೆ, ಆಮೇಲೂ ಹೆಚ್ಚು ಏರದು. ಒಂದೇ ಅಂಕಿಗೆ ಎರಡು ಬೇರೆ ಬೇರೆ ದಾರಿ ಹಿಡಿದು ಬರುವ ಎರಡು ರೋಗಗಳನ್ನು ಆ ನಾಲ್ಕು ಸೆಕೆಂಡಿನಲ್ಲೇ ಬೇರ್ಪಡಿಸಬಹುದು.

ಒಂದರಿಂದ ನಾಲ್ಕರವರೆಗೆ 125, 120, 70, 122 ಎಂದು ಬಂತು ಅನ್ನಿ. ಅಂಕಿಗಳು ಎಷ್ಟು ಎತ್ತರ ಎಂಬುದಕ್ಕಿಂತ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದೇ ಇಲ್ಲಿ ಮುಖ್ಯ. ಗೇಜು ಹತ್ತು ಪೌಂಡ್ ಹೆಚ್ಚುಕಡಿಮೆ ತೋರಿಸುವುದೇ ಇರಬಹುದು, ಆದರೆ ನಾಲ್ಕಕ್ಕೂ ಒಂದೇ ತಪ್ಪು ತೋರಿಸುತ್ತದೆ. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿರಬಾರದು ಎಂಬುದು ಗ್ಯಾರೇಜುಗಳ ಹಳೆಯ ನಿಯಮ. 125ಕ್ಕೆ ಮುಕ್ಕಾಲು ಅಂದರೆ 94. ಮೂರನೆಯದು ಅದಕ್ಕೂ ಎಷ್ಟೋ ಕೆಳಗೆ. ಒಂದಲ್ಲದೆ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟು ಒಂದರ ಗಾಳಿ ಇನ್ನೊಂದಕ್ಕೆ ಹೋಗುತ್ತಿದೆ ಎಂದೇ ಮೊದಲ ಅನುಮಾನ.

ಊರಿನ ಎತ್ತರವನ್ನೂ ಮರೆಯಬಾರದು. ಮಸ್ಕಿ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ನೂರಕ್ಕೆ ನಾಲ್ಕೈದು ಪಾಲು ಕಡಿಮೆ, ಆದ್ದರಿಂದ ಸಮುದ್ರದಂಡೆಯಲ್ಲಿ 130 ತೋರಿಸುವ ಎಂಜಿನ್ ಇಲ್ಲಿ 124ರ ಸುತ್ತ ತೋರಿಸಿದರೆ ಅದೇನೂ ರೋಗವಲ್ಲ. ಬೆಂಗಳೂರಿನಲ್ಲಿ ಇನ್ನೂ ಕಡಿಮೆ ಬರುತ್ತದೆ.

ಮೂರನೆಯದರ 70ಕ್ಕೆ ಕಾರಣ ಹುಡುಕಲು ಒದ್ದೆ ಪರೀಕ್ಷೆ. ಪ್ಲಗ್ಗಿನ ತೂತಿನಿಂದ ಒಂದು ಚಹಾ ಚಮಚೆಯಷ್ಟು ಎಂಜಿನ್ ಆಯಿಲ್ ಬಿಟ್ಟು, ಹ್ಯಾಂಡಲ್ಲಿನಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಗೇಜು ಹಾಕುವುದು. ಆಯಿಲ್ ಪಿಸ್ಟನ್ನಿನ ಅಂಚಿಗೆ ಹರಿದು ರಿಂಗ್ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ವಾಲ್ವ್ ಮೇಲಿದೆ, ಅಲ್ಲಿಗೆ ಅದು ತಲುಪುವುದಿಲ್ಲ. ಅಂಕಿ ಜಿಗಿದರೆ ರಿಂಗ್, ಕದಲದಿದ್ದರೆ ವಾಲ್ವ್ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಇಷ್ಟಕ್ಕೇ ನಿಲ್ಲಿಸಿದರೆ ಮೋಸಹೋಗುತ್ತೇವೆ. ಚಹಾ ಚಮಚೆ ಅಂದರೆ 5 ಸಿಸಿ. ಗಾಳಿಗೆ ಉಳಿದ 60 ಸಿಸಿ ಜಾಗದಲ್ಲಿ ಆಯಿಲ್ಲೇ ಐದನ್ನು ತಿಂದುಬಿಟ್ಟರೆ ಅನುಪಾತ 7.2ರಿಂದ 7.8ರ ಹತ್ತಿರ ಹೋಗುತ್ತದೆ. ರಿಂಗ್ ಎಷ್ಟೇ ಚೆನ್ನಾಗಿದ್ದರೂ ಅಂಕಿ ಹತ್ತನೇ ಒಂದು ಪಾಲು ಏರಿಯೇ ಏರುತ್ತದೆ. 70 ಇದ್ದದ್ದು 77 ಆದರೆ ಅದು ಆಯಿಲ್ಲಿನ ಗಾತ್ರದ ಆಟ, ವಾಲ್ವಿನ ಮೇಲಿನ ಅನುಮಾನ ಹಾಗೇ ಉಳಿಯಿತು. 105 ಆದರೆ ಮಾತ್ರ ರಿಂಗ್ ಎನ್ನಬಹುದು. ಬೊಗಸೆಗಟ್ಟಲೆ ಆಯಿಲ್ ಸುರಿದು "ನೋಡ್ರಿ, ರಿಂಗ್ ಹೋಗ್ಯಾವ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅನುಮಾನ ಉಳಿದರೆ ಇನ್ನೂ ಒಂದು ಉಪಾಯವಿದೆ, ನನ್ನ ಮಟ್ಟಿಗೆ ಇಡೀ ವಿದ್ಯೆಯ ಅಂದ ಇರುವುದು ಅದರಲ್ಲಿ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ಕಬ್ಬಿಣದ ಮೈಗೆ ಟ್ಯೂಬಿನ ವಾಲ್ವ್ ಕಾಂಡ ಬೆಸೆಸಿಕೊಂಡರೆ ಒಂದು ಅಡಾಪ್ಟರ್ ಸಿದ್ಧ. ಪರೀಕ್ಷಿಸುವ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ, ಎರಡೂ ವಾಲ್ವ್ ಮುಚ್ಚಿದ ಜಾಗಕ್ಕೆ ತರಬೇಕು. ಆಮೇಲೆ ಹ್ಯಾಂಡಲ್ಲನ್ನು ಹೊರಗೆಳೆದು ದೂರ ಇಡಬೇಕು, ಮರೆಯಬಾರದು. ಗಾಳಿ ಹೊಕ್ಕ ಕೂಡಲೇ ಪಿಸ್ಟನ್ ಕೆಳಗೆ ತಳ್ಳಲ್ಪಟ್ಟರೆ ಹ್ಯಾಂಡಲ್ ಗಿರ್ರನೆ ತಿರುಗಿ ಮೊಣಕಾಲಿಗೆ ಬಡಿಯುತ್ತದೆ. ನಂತರ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಬಿಟ್ಟು, ಸುತ್ತಲಿನವರನ್ನು ಸುಮ್ಮನಿರಿಸಿ ಕಿವಿಗೊಡುವುದು. ಕಾರ್ಬ್ಯುರೇಟರಿನಲ್ಲಿ ಸುಯ್ಯೆಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರ್ ಬಾಯಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿ ಗಾಳಿ ಬಂದರೆ ರಿಂಗ್. ನಮ್ಮ ಮಿಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಅನ್ನುವುದು ಇದಕ್ಕೇ, ಓಡುವ ಎಂಜಿನ್ನಿನಲ್ಲಿ ಅಲ್ಲಿಂದ ಹೊಗೆಯೂ ಬರುತ್ತದೆ. ರೇಡಿಯೇಟರಿನ ನೀರಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಆರೋಗ್ಯವಂತ ಎಂಜಿನ್ನಿನಲ್ಲೂ ರಿಂಗ್ ದಾಟಿ ಸ್ವಲ್ಪ ಗಾಳಿ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ವರ್ಷಗಟ್ಟಲೆ ನಿಂತ ಕಾರಿನ ಮಾತು ಬೇರೆ. ಮೊದಲ ದಿನದ ಅಂಕಿಯನ್ನು ನಂಬಲೇಬಾರದು. ರಿಂಗ್‌ಗಳು ಪಿಸ್ಟನ್ನಿನ ತೋಡುಗಳಲ್ಲಿ ಅಂಟಿರುತ್ತವೆ, ತೆರೆದ ಸ್ಥಿತಿಯಲ್ಲಿ ನಿಂತ ವಾಲ್ವಿನ ಪೀಠಕ್ಕೆ ತುಕ್ಕು ಹತ್ತಿರುತ್ತದೆ, ಸಿಲಿಂಡರಿನ ಗೋಡೆ ಒಣಗಿರುತ್ತದೆ. ಪ್ಲಗ್ ತೆಗೆದು ಒಂದೊಂದರಲ್ಲೂ ತೆಳುವಾದ ಆಯಿಲ್ ಬಿಟ್ಟು ಒಂದೆರಡು ದಿನ ಸುಮ್ಮನಿದ್ದು, ಕೈಯಿಂದ ತಿರುಗಿಸಿ ಸಡಿಲಿಸಿ, ಸಾಧ್ಯವಾದರೆ ಓಡಿಸಿ, ಆಮೇಲೆ ಅಳೆಯಬೇಕು. ಮೊದಲು 60 ತೋರಿಸಿದ ಸಿಲಿಂಡರ್ ಓಡಿದ ಮೇಲೆ 110ಕ್ಕೆ ಬಂದರೆ ಅದರಲ್ಲಿ ಪವಾಡವೇನಿಲ್ಲ, ಅಂಟಿದ ರಿಂಗ್ ಬಿಟ್ಟಿತು ಅಷ್ಟೆ. ಹೀಗೆ ಎದ್ದ ಕಾರಿಗೆ ಈಗ ಕಾನೂನಿನಲ್ಲೂ ಒಂದು ಮರ್ಯಾದೆ ಇದೆ: 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ಎಂದು 'ವಿಎ' ಸರಣಿಯ ನಂಬರ್ ಸಿಗುತ್ತದೆ.

ಒಂದು ಎಚ್ಚರಿಕೆ: ಇದೇ ಗೇಜನ್ನು ಡೀಸೆಲ್ ಅಂಬಾಸಿಡರಿಗೋ ಟ್ರ್ಯಾಕ್ಟರಿಗೋ ಹಾಕಬಾರದು. ಅಲ್ಲಿನ ಒತ್ತಡ ಇದರ ಮೂರು ಪಟ್ಟು ಮೀರುತ್ತದೆ, ಗೇಜು ಒಡೆಯುತ್ತದೆ.

ಇನ್ನು ನಾಲ್ಕೂ ಸಿಲಿಂಡರ್ 100, 98, 102, 100 ಎಂದು ತಗ್ಗಿನಲ್ಲೇ ಜೊತೆಯಾಗಿ ಬಂದರೆ? ಪುಸ್ತಕದ ಲೆಕ್ಕದಲ್ಲಿ ಸವೆದ ಎಂಜಿನ್. ಆದರೆ ಬೆಳಗ್ಗೆ ಒಂದೇ ಸಲಕ್ಕೆ ಹಿಡಿಯುತ್ತಿದ್ದು, ಹೊಗೆ ಮಿತಿಯಲ್ಲಿದ್ದು, ಸಿಂಧನೂರಿಗೆ ಹೋಗಿಬರುವಷ್ಟರಲ್ಲಿ ಆಯಿಲ್ ಇಳಿಯದಿದ್ದರೆ ನಾನಾದರೆ ಬಿಚ್ಚಿಸುವುದಿಲ್ಲ. ಸಿಂಧನೂರಿನಂಥ ಟ್ರ್ಯಾಕ್ಟರ್ ಊರಿನಲ್ಲಿ ಸಿಲಿಂಡರ್ ಬೋರ್ ಮಾಡುವ ಕೈಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಕಾರಿನ ಬ್ಲಾಕಿನಲ್ಲಿ. ಒಂದು ಸಲ ಬೋರ್ ಮಾಡಿಸಿದರೆ 20 ಥೌ (ಇಂಚಿನ ಸಾವಿರದಲ್ಲಿ 20 ಪಾಲು) ಕಬ್ಬಿಣ ಹೋಯಿತು, ಇನ್ನೊಂದು ಸಲಕ್ಕೆ 40, ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಆಮೇಲೆ ಸ್ಲೀವ್ ಹಾಕಿಸಬೇಕು. ಹಿಂದೂಸ್ತಾನ್ ಮೋಟರ್ಸ್ 2014ರಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದೆ. ಆದ್ದರಿಂದ ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೋ ಲಾಗ್ ಪುಸ್ತಕದಲ್ಲೋ ತಾರೀಖಿನ ಸಮೇತ ಬರೆದಿಟ್ಟು, ಕಾಯಿಲ್ ವೈರು ಸೇರಿಸಿ, ಪ್ಲಗ್‌ಗಳನ್ನು ಮೊದಲು ಬರಿಗೈಯಲ್ಲಿ ಕೂರಿಸಿ ಕೊನೆಗಷ್ಟೇ ಪಾನಾ ಹಚ್ಚಿ, ವೈರುಗಳನ್ನು 1-3-4-2ರ ಕ್ರಮದಲ್ಲಿ ಕೊಟ್ಟು ಸ್ಟಾರ್ಟ್ ಮಾಡಬೇಕು. ಮುಂದಿನ ಸುಗ್ಗಿ ಮುಗಿದ ಮೇಲೆ ಇದೇ ಗೇಜಿನಿಂದ, ಇಷ್ಟೇ ಬಿಸಿಯಲ್ಲಿ ಮತ್ತೊಮ್ಮೆ ಅಳೆದರಾಯಿತು.